ಇಬ್ಬರು ಪಾಸ್ಕಾಲರು

ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವ ವಾಸನೆ ದಿನಾ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಪಕ್ಕದ ಫ್ಲ್ಯಾಟಿನಿಂದ ನನ್ನ ಅಡುಗೆಮನೆಗೆ ಬರುತ್ತದೆ. ಕೊಟ್ಟಾರದ ಈ ಕಟ್ಟಡದಲ್ಲಿ ನಾನಿರುವುದು ನಾಲ್ಕನೆಯ ಮಾಳಿಗೆಯಲ್ಲಿ, ಒಬ್ಬಳೇ. ಮೊನ್ನೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತ ದಿನಗಳಲ್ಲಿ ನಾನು ಹೊತ್ತು ತಿಳಿಯುತ್ತಿದ್ದುದು ಗಡಿಯಾರದಿಂದಲ್ಲ, ಆ ಒಗ್ಗರಣೆಯಿಂದ. ಒಂದು ದಿನ ಹನ್ನೆರಡಾಯಿತು, ಒಂದಾಯಿತು, ವಾಸನೆ ಬರಲಿಲ್ಲ. ಮಾಸ್ಕು ಹಾಕಿಕೊಳ್ಳುವುದನ್ನೂ ಮರೆತು ಹೋಗಿ ಅವರ ಬಾಗಿಲು ಬಡಿದೆ. ಆ ಮನೆಯ ಹುಡುಗಿ ಬಾಗಿಲನ್ನು ಒಂದಿಷ್ಟೇ ತೆರೆದು, “ಎಂತ ಆಂಟಿ, ಎಂತಾಯ್ತು?” ಎಂದು ನನಗಿಂತ ಹೆಚ್ಚು ಗಾಬರಿಯಾದಳು. ಗ್ಯಾಸ್ ಮುಗಿದಿತ್ತಂತೆ, ಅಷ್ಟೇ. ಬ್ರೆಡ್ ತಿಂದು ಕೂತಿದ್ದರು. ವಾಪಸು ಬಂದು ಕುರ್ಚಿಯಲ್ಲಿ ಕೂತವಳು ಸಂಜೆಯವರೆಗೆ ಏಳಲಿಲ್ಲ. ಒಗ್ಗರಣೆಯ ವಾಸನೆ ನಿಂತುಹೋದ ಮನೆ ಎಂದರೆ ನನ್ನ ಪಾಲಿಗೆ ಕಾಯಿಲೆಯ ಮನೆ. ಯಾಕೆಂದು ಆ ಹುಡುಗಿಗೆ ಹೇಳಲು ಹೊರಟರೆ ಕುಲಶೇಖರದ ನಮ್ಮ ಹಳೆಯ ಮನೆಯಿಂದಲೇ ಶುರುಮಾಡಬೇಕಾಗುತ್ತಿತ್ತು.

ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ಕಾರುಗಳು ನಿಲ್ಲುವ ಕಟ್ಟಡವೊಂದಿದೆ. ನಾನು ಹೇಳುವುದು ನನಗೆ ಒಂಬತ್ತು ವರ್ಷವಾಗಿದ್ದಾಗಿನ ಮಾತು, ಐವತ್ತರ ದಶಕದ ಕೊನೆಕೊನೆಗೆ. ಹಂಚಿನ ಮನೆ, ಕೆಂಪು ಸಿಮೆಂಟಿನ ನೆಲ, ಎದುರು ಚಾವಡಿಯಲ್ಲಿ ದೇವರ ಪೀಠ, ಅದರ ಪಕ್ಕದಿಂದ ಹಿಂದಕ್ಕೆ ಹೋಗುವ ಸಣ್ಣ ಓಣಿ, ಓಣಿಯ ಕೊನೆಗೆ ತೆಂಗಿನಕಾಯಿಯನ್ನೂ ಉಪ್ಪುಮಾವಿನ ಭರಣಿಗಳನ್ನೂ ಇಡುವ ಹಿಂದಿನ ಕೋಣೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರು. ಅಮ್ಮನ ಹೆಸರು ಲೂಸಿ. ಆ ಬೇಸಿಗೆಯಲ್ಲಿ ಅವಳಿಗೆ ಏಳು ತಿಂಗಳು. ಅಪ್ಪನ ತಾಯಿ ಸೆವೆರಿನಾ, ನಮಗೆ ವ್ಹಡ್ಲಿಮಾಯಿ, ಎಂದರೆ ದೊಡ್ಡಮ್ಮನಲ್ಲ, ಅಜ್ಜಿ. ಮತ್ತೆ ನಾನು, ಐರಿನ್. ನನ್ನ ತಮ್ಮ ಪಾಸ್ಕು, ಆರು ವರ್ಷದವನು. ಮನೆಯಲ್ಲಿ ನಾವು ಆಡುತ್ತಿದ್ದುದು ಕೊಂಕಣಿ. ಆ ಮಾತುಗಳನ್ನು ಕನ್ನಡದಲ್ಲಿ ಬರೆಯುವಾಗ ಬೇರೆ ಯಾರದೋ ಮನೆಯವರು ಮಾತಾಡಿದ ಹಾಗೆ ನನಗೇ ಕೇಳುತ್ತದೆ, ಆದರೆ ಬರೆಯಲು ನನಗೆ ಬರುವುದು ಇದೊಂದೇ ಭಾಷೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ: ತಪ್ಪು ಹಿಡಿಯುವುದು ನನ್ನ ಹುಟ್ಟುಗುಣ. ಅಪ್ಪ ಬೋರ್ಡಿನ ಮೇಲೆ ಮಾಡುವುದನ್ನು ನಾನು ಮನೆಯವರ ಮೇಲೆಲ್ಲ ಮಾಡುತ್ತಿದ್ದೆ. ಮುಂದೆ ಮೂವತ್ತು ವರ್ಷ ಅದನ್ನೇ ಸಂಬಳಕ್ಕೆ ಮಾಡಿದೆ.

ಪಾಸ್ಕುವಿಗೆ ಜ್ವರ ಬಂದದ್ದು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ. ಮೂರನೆಯ ದಿನ ಹಣೆಯ ಮೇಲೆ ಗುಳ್ಳೆ ಕಂಡಿತು. ವ್ಹಡ್ಲಿಮಾಯಿ ದೀಪ ಹತ್ತಿರ ತಂದು ನೋಡಿದಳು, ಅವನ ಚಾಪೆಯನ್ನು ಸುತ್ತಿ ಎತ್ತಿಕೊಂಡಳು. ಮೈಲಿಬೇನೆ, ಎಂದರೆ ಸಿಡುಬು. ಪಾಸ್ಕುವಿಗೆ ಒಬ್ಬನಿಗೇ ಅದರ ಚುಚ್ಚು ಹಾಕಿಸಿರಲಿಲ್ಲ. ಹಾಕುವವರು ನಮ್ಮ ಕೇರಿಗೆ ಬಂದ ದಿನ ಅವನಿಗೆ ಶೀತವಾಗಿತ್ತು. ಅಮ್ಮ, “ಬರುವ ವಾರ ಹಾಕಿಸುವ” ಎಂದು ಅವನನ್ನು ಒಳಗೆ ಕಳಿಸಿದ್ದಳು. ಆ ಮಾತನ್ನು ಅವಳು ಮತ್ತೆ ಎಂದೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಮರುದಿನ ಆರೋಗ್ಯ ಇನ್‌ಸ್ಪೆಕ್ಟರು ಬಂದು, ಹುಡುಗನನ್ನು ಊರಾಚೆಯ ಆಸ್ಪತ್ರೆಗೆ ಸಾಗಿಸಬೇಕು ಎಂದರು. ವ್ಹಡ್ಲಿಮಾಯಿ ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿ, ಅಂಗಳದ ಬಿಸಿಲಿಗೆ ಮುಖ ಕೊಟ್ಟು ನಿಂತಳು. ಚಿಕ್ಕಂದಿನಲ್ಲಿ ಅದೇ ಬೇನೆ ಅವಳ ಮುಖದ ತುಂಬ ಗುಳಿ ಮಾಡಿ ಬಿಟ್ಟಿತ್ತು. “ನೋಡಿ ಸ್ವಾಮೀ, ನನ್ನ ಹತ್ರ ಅದು ಇನ್ನೊಮ್ಮೆ ಬರುದಿಲ್ಲ. ಹಿಂದಿನ ಕೋಣೆಗೆ ಬೇರೆ ಬಾಗಿಲುಂಟು, ಹಿತ್ತಲಲ್ಲಿ ಬಾವಿ ಉಂಟು. ನಾನು ಅವನೊಟ್ಟಿಗೆ ಒಳಗಿರ್ತೇನೆ” ಎಂದಳು. ಅವರು ಬಹಳ ಹೊತ್ತು ಯೋಚಿಸಿ ಒಪ್ಪಿದರು. ನಮಗೆಲ್ಲ ಮತ್ತೊಮ್ಮೆ ಚುಚ್ಚು ಹಾಕಿಸಿ, ಗೇಟಿಗೆ ಸುಣ್ಣದ ಗುರುತು ಮಾಡಿ, ಯಾರೂ ಹೊರಗೆ ಕಾಲಿಡಬಾರದೆಂದು ಹೇಳಿ ಹೋದರು. ಅಮ್ಮನಿಗಂತೂ ಅವರೊಟ್ಟಿಗೆ ಬಂದ ಡಾಕ್ಟರು ಬೆರಳೆತ್ತಿ ಎಚ್ಚರಿಸಿದ್ದರು: ಹೊಟ್ಟೆಯಲ್ಲಿ ಮಗುವಿರುವಾಗ ಆ ಕೋಣೆಯ ಗಾಳಿಯೂ ಸೋಕಬಾರದು. ಓಣಿಯ ಕಡೆಯ ಬಾಗಿಲು ಹಾಕಿ, ಅದರ ಅಡಿಯ ಸಂದಿಗೆ ಡೆಟಾಲಿನಲ್ಲಿ ಅದ್ದಿದ ಹಳೆಯ ಬಟ್ಟೆಯನ್ನು ವ್ಹಡ್ಲಿಮಾಯಿ ಒಳಗಿನಿಂದ ತುರುಕಿದಳು. ಹಾಗೆ ಒಂದೇ ಮನೆಯೊಳಗೆ ನಾವು ಎರಡು ಮನೆಯವರಾದೆವು.

ಹೇಳಲು ನಾಚಿಕೆಯಾಗುತ್ತದೆ, ಮೊದಲ ದಿನಗಳಲ್ಲಿ ನನಗೆ ಖುಷಿಯಾಗಿತ್ತು. ಶಾಲೆಯಿಲ್ಲ, ಅಪ್ಪ ಇಡೀ ದಿನ ಮನೆಯಲ್ಲಿ. ಅಪ್ಪ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಹಿತ್ತಾಳೆಯ ತಟ್ಟೆಗೆ ಸೌಟಿನಲ್ಲಿ ಬಡಿದು ಗಂಟೆ ಹೊಡೆಯುತ್ತಿದ್ದರು. ಒಬ್ಬಳೇ ವಿದ್ಯಾರ್ಥಿನಿಯ ಶಾಲೆಗೆ ಹಾಜರಿ ಕರೆಯುತ್ತಿದ್ದರು. ಪಾಸ್ಕುವಿನ ಹೆಸರನ್ನೂ ಕರೆಯುತ್ತಿದ್ದರು, ಅವನು ಓಣಿಯ ಆ ಕೊನೆಯಿಂದ, “ಹಾಜರ್!” ಎಂದು ಕೂಗುತ್ತಿದ್ದ. ನಾನು ಬಾಗಿಲಿಂದ ನಾಲ್ಕು ಮಾರು ದೂರ ಕೂತು ಅವನಿಗೆ ಎರಡರ ಮಗ್ಗಿ ಹೇಳಿಸಿ ತಪ್ಪು ಹಿಡಿಯುತ್ತಿದ್ದೆ. ನಾಲ್ಕನೆಯ ದಿನ ಅವನು ಹಾಜರ್ ಎನ್ನಲಿಲ್ಲ. ಅಪ್ಪ ಎರಡು ಸಲ ಕರೆದು, ಹಾಜರಿ ಪುಸ್ತಕವನ್ನು ಮಡಚಿ ಕಪಾಟಿನ ಮೇಲಿಟ್ಟರು. ಆಮೇಲೆ ಗಂಟೆಯೂ ಹೊಡೆಯಲಿಲ್ಲ, ಗಡ್ಡವನ್ನೂ ಹೆರೆಯಲಿಲ್ಲ. ಅವರು ಅಳತೆಪಟ್ಟಿ ಹಿಡಿದು ಮನೆಯನ್ನು ಅಳೆಯಲು ಶುರುಮಾಡಿದರು. ಚಾವಡಿಯ ಉದ್ದ, ಅಗಲ, ಕಿಟಕಿಯ ಎತ್ತರ, ಹೊಸ್ತಿಲ ದಪ್ಪ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ನಕ್ಷೆ ಮಾಡುತ್ತಿದ್ದರು. ಯಾಕಪ್ಪ ಎಂದು ಕೇಳಿದರೆ, “ಗೊತ್ತಿರಬೇಕಲ್ಲ” ಎನ್ನುತ್ತಿದ್ದರು. ಕೊನೆಗೆ ಅಳೆಯಲು ಉಳಿದದ್ದು ಒಂದೇ ಕೋಣೆ. ಅಮ್ಮ ಮಾತ್ರ ಒಂದು ಕಡೆ ಕೂರುತ್ತಿರಲಿಲ್ಲ. ಕೆಂಪು ನೆಲವನ್ನು ದಿನಕ್ಕೆ ಮೂರು ಸಲ ಒರೆಸುತ್ತಿದ್ದಳು. ಬರುವ ಮಗುವಿಗೆ ಅಂಗಿ ಹೊಲಿಯುತ್ತಿದ್ದಳು. ಮಾರನೆಯ ದಿನ ಹೊಲಿಗೆ ಡೊಂಕಾಗಿದೆ ಎಂದು ಬಿಚ್ಚುತ್ತಿದ್ದಳು. ತಪ್ಪು ಹುಡುಕುವುದರಲ್ಲಿ ಪಳಗಿದ ನನ್ನ ಕಣ್ಣಿಗೆ ಆ ಹೊಲಿಗೆಯಲ್ಲಿ ಡೊಂಕು ಕಂಡದ್ದಿಲ್ಲ.

ಹೊರಗಿನ ಲೋಕವೆಂದರೆ ನಮಗೆ ಗಿರಿಜಕ್ಕ. ಪಕ್ಕದ ಹಿತ್ತಲಿನವರು, ತುಳು ಮಾತಾಡುವವರು; ಗಂಡ ಹಂಚಿನ ಕಾರ್ಖಾನೆಯಲ್ಲಿದ್ದರು. ಅವರು ಕಂಕನಾಡಿ ಪೇಟೆಗೆ ಹೋಗಿ ನಮಗೆ ಬೇಕಾದ ಸಾಮಾನು ತಂದು ಎರಡು ಹಿತ್ತಲ ನಡುವಿನ ಪಾಗಾರದ ಗೋಡೆಯ ಮೇಲಿಟ್ಟು, ಹಿಂದೆ ಸರಿದು ನಿಂತು ಕೂಗುತ್ತಿದ್ದರು. ಕಾಯಿಲೆಯ ಹೆಸರನ್ನು ಅವರು ಎಂದೂ ಹೇಳಲಿಲ್ಲ, ಅವರ ಪಾಲಿಗೆ ಅದು ದೇವಿ. “ನಿಮ್ಮಲ್ಲಿ ಅಮ್ಮ ಬಂದಿದ್ದಾರಲ್ಲ, ಒಗ್ಗರಣೆ ಗಿಗ್ಗರಣೆ ಹಾಕ್ಬೇಡಿ ಮಾರಾಯ್ರೆ, ಅವರಿಗೆ ಕೋಪ ಬರ್ತದೆ” ಎನ್ನುತ್ತಿದ್ದರು. ನನ್ನ ಅಮ್ಮನಿಗೆ ಅದರಲ್ಲಿ ನಂಬಿಕೆಯಿರಲಿಲ್ಲ, ಆದರೂ ಒಗ್ಗರಣೆ ಹಾಕಲಿಲ್ಲ. ಯಾರ ಕೋಪವನ್ನೂ ಕಟ್ಟಿಕೊಳ್ಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ನನಗೆ ಆಶ್ಚರ್ಯವಾದದ್ದು ಬೇರೆ. ಗಿರಿಜಕ್ಕನ ಅಡುಗೆಮನೆಯಿಂದಲೂ ಒಗ್ಗರಣೆಯ ವಾಸನೆ ನಿಂತುಹೋಗಿತ್ತು. ಕಾಯಿಲೆ ನಮ್ಮ ಮನೆಯದು, ಬಿಟ್ಟದ್ದು ಅವರು. ಅವರ ಗಂಡ ಬರೀ ಬೇಯಿಸಿದ್ದನ್ನು ಉಂಡು ಕೆಲಸಕ್ಕೆ ಹೋಗುತ್ತಿದ್ದರು. ಒಂದು ದಿನ ಗಿರಿಜಕ್ಕ ತಮ್ಮ ಚೆನ್ನೆಮಣೆಯನ್ನೂ, ಅದರ ಗುಳಿಗಳಲ್ಲಿ ಹಾಕಿ ಆಡುವ ಕೆಂಪು ಬೀಜಗಳನ್ನೂ ಪಾಗಾರದ ಮೇಲಿಟ್ಟರು. ಅದನ್ನು ಆಟಿ ತಿಂಗಳ, ಎಂದರೆ ಆಷಾಢದ, ಮಳೆಯಲ್ಲಲ್ಲದೆ ಬೇರೆ ಹೊತ್ತಿನಲ್ಲಿ ಅವರು ಕೆಳಗೆ ಇಳಿಸುವವರೇ ಅಲ್ಲ. “ಈಗ ಆಟಿ ಅಲ್ಲ ನಿಜ. ಅಡ್ಡಿಯಿಲ್ಲ. ಮಗು ಎಂತ ಮಾಡುದು ಪಾಪ, ಆಡ್ಲಿ. ದಾಲ ಆಪುಜಿ” ಎಂದರು. ಏನೂ ಆಗುವುದಿಲ್ಲ ಎಂಬ ಆ ತುಳು ಮಾತನ್ನು ಅವರು ದಿನಾ ಹೇಳುತ್ತಿದ್ದರು, ನಮಗೆ ಅದು ದಿನಾ ಬೇಕಾಗುತ್ತಿತ್ತು.

ನಮ್ಮವರ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ತೆರ್ಸ್ ಹೇಳುವುದಿದೆ, ಜಪಮಣಿ ಎಣಿಸುತ್ತ ಮನೆಮಂದಿಯೆಲ್ಲ ಮಾಡುವ ಪ್ರಾರ್ಥನೆ. ಒಬ್ಬರು ಪ್ರಾರ್ಥನೆಯ ಮೊದಲ ಅರ್ಧ ಹೇಳಬೇಕು, ಉಳಿದ ಅರ್ಧವನ್ನು ಮಿಕ್ಕವರೆಲ್ಲ ಒಟ್ಟಿಗೆ ಹೇಳಬೇಕು. ನಮ್ಮಲ್ಲಿ ಮೊದಲ ಅರ್ಧ ಯಾವಾಗಲೂ ವ್ಹಡ್ಲಿಮಾಯಿಯದು. ಬಾಗಿಲು ಬಿದ್ದ ಮೊದಲ ಸಂಜೆ, ಇವತ್ತು ಯಾರು ಹೇಳುವುದೆಂದು ಅಪ್ಪ ಅಮ್ಮ ಮುಖ ನೋಡಿಕೊಳ್ಳುವಾಗ ಓಣಿಯ ಕೊನೆಯಿಂದ ಅವಳ ದನಿ ಬಂತು, ಏನೂ ಆಗದವಳ ಹಾಗೆ. ನಾವು ಚಾವಡಿಯಲ್ಲಿ ಮೊಣಕಾಲೂರಿ ಉತ್ತರ ಹೇಳಿದೆವು. ಅಂದಿನಿಂದ ಅದೇ ನಮ್ಮ ಸುದ್ದಿಪತ್ರಿಕೆ. ಅವಳು ಬೇಗಬೇಗ ಹೇಳಿದರೆ ಪಾಸ್ಕು ಎಚ್ಚರವಾಗಿದ್ದಾನೆ, ಅವಳನ್ನು ಕರೆಯುತ್ತಿದ್ದಾನೆ. ನಿಧಾನ ಹೇಳಿದರೆ ನಿದ್ದೆ ಬಂದಿದೆ. ಹಗಲೆಲ್ಲ ಒಬ್ಬರ ಮುಖ ಒಬ್ಬರು ತಪ್ಪಿಸಿಕೊಂಡು ತಿರುಗುತ್ತಿದ್ದ ಅಪ್ಪ ಅಮ್ಮ ಆ ಅರ್ಧ ಗಂಟೆ ಒಂದೇ ಉಸಿರಿನಲ್ಲಿ ಒಂದೇ ಮಾತು ಹೇಳುತ್ತಿದ್ದರು. ಆ ದಿನಗಳನ್ನು ನಾವು ಹೇಗೆ ಕಳೆದೆವು ಎಂದು ಯಾರಾದರೂ ಕೇಳಿದರೆ ನನಗೆ ಹೊಳೆಯುವುದು ಇಷ್ಟೇ: ದಿನಕ್ಕೊಮ್ಮೆ ಉತ್ತರ ಕೊಡಬೇಕಾದ ಒಂದು ದನಿ ನಮಗಿತ್ತು.

ಆದರೆ ಜಗಳ ಹುಟ್ಟಿದ್ದೂ ಅಲ್ಲಿಯೇ. ತೆರ್ಸಿನ ಕೊನೆಗೆ ಹೆಸರು ಹೇಳಿ ಪ್ರಾರ್ಥಿಸುವ ಪಟ್ಟಿಯೊಂದಿದೆ. ಬೇರೆ ಮನೆಗಳ ಕ್ರಮ ನನಗೆ ಗೊತ್ತಿಲ್ಲ. ವ್ಹಡ್ಲಿಮಾಯಿಯದು ಹಿರಿಯರು ಮೊದಲು ಎಂಬ ಕ್ರಮ. ಮೊದಲು ಮನೆಯ ತೀರಿಕೊಂಡವರು, ಆಮೇಲೆ ಕಡಲ ಮೇಲಿರುವವರು, ಕೊನೆಗೆ ಕಾಯಿಲೆಯವರು. ತೀರಿಕೊಂಡವರ ಸಾಲಿನ ಕೊನೆಯ ಹೆಸರು ಪಾಸ್ಕಾಲ್, ಅವಳ ಗಂಡ, ನಮ್ಮ ಅಜ್ಜ. ಹಿರಿಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಪದ್ಧತಿ. ಆದ್ದರಿಂದ ನನ್ನ ತಮ್ಮನೂ ಚರ್ಚಿನ ಪುಸ್ತಕದಲ್ಲಿ ಪಾಸ್ಕಾಲನೇ. ಪಾಸ್ಕು ಎನ್ನುವುದು ಬರೀ ಮನೆಯ ಕರೆ. ದೇವರ ಮುಂದೆ ಮುದ್ದಿನ ಹೆಸರು ಹೇಳಬಾರದು ಎಂದು ವ್ಹಡ್ಲಿಮಾಯಿಯ ಹಟ. ಹೀಗೆ ಪ್ರತಿ ಸಂಜೆ ಆ ಮುಚ್ಚಿದ ಬಾಗಿಲ ಹಿಂದಿನಿಂದ ಮೊದಲು ಸತ್ತವರಲ್ಲಿ ಪಾಸ್ಕಾಲ್ ಎಂದು ಕೇಳಿಸುತ್ತಿತ್ತು, ಸ್ವಲ್ಪ ಹೊತ್ತಿಗೆ ಕಾಯಿಲೆಯವರಲ್ಲಿ ಪಾಸ್ಕಾಲ್ ಎಂದು. ಎರಡನೆಯ ಸಂಜೆ ಅಮ್ಮ ಓಣಿಯಲ್ಲಿ ನಿಂತು, “ಮಾಯಿ, ಮಾವನವರ ಹೆಸರು ಸ್ವಲ್ಪ ದಿನ ಬಿಡಿ. ನನಗೆ ಕೇಳ್ಲಿಕ್ಕೆ ಆಗುದಿಲ್ಲ” ಎಂದಳು. ಒಳಗಿನಿಂದ ಬಂದ ಉತ್ತರ ನನಗೆ ಇಂದಿಗೂ ನೆನಪಿದೆ. “ಅವರು ಹೋಗಿ ಹನ್ನೊಂದು ವರ್ಷ ಆಯ್ತು ಲೂಸಿ. ಒಂದು ಸಂಜೆ ಬಿಟ್ಟದ್ದಿಲ್ಲ. ಈಗ ಬಿಟ್ರೆ ಅವರು ಎಂತ ತಿಳೀಬೇಕು?” ಹಾಗಾದರೆ ಮಗನನ್ನಾದರೂ ಪಾಸ್ಕು ಎನ್ನಿ ಎಂದಳು ಅಮ್ಮ. ಮರುಸಂಜೆಯೂ ಪಾಸ್ಕಾಲ್ ಎಂದೇ ಕೇಳಿಸಿತು.

ಆಗ ನನಗೆ ವ್ಹಡ್ಲಿಮಾಯಿಯ ಮೇಲೆ ಸಿಟ್ಟು ಬಂದಿತ್ತು. ಈಗ ಅವಳ ವಯಸ್ಸು ದಾಟಿದ ಮೇಲೆ ಅರ್ಥವಾಗುತ್ತದೆ. ಆ ಕೋಣೆಯೊಳಗೆ ಅವಳ ಕೈಯಲ್ಲಿ ಇದ್ದದ್ದು ಏನು? ಮಗುವಿನ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಪ್ರಾರ್ಥನೆಯ ಮಾತುಗಳಾದರೂ ಹಿಂದಿನ ಹಾಗೆಯೇ, ಒಂದಕ್ಷರ ಆಚೀಚೆಯಾಗದೆ ನಿಲ್ಲಬೇಕಿತ್ತು. ಒಂದನ್ನು ಬದಲಿಸಿದರೆ ಎಲ್ಲವೂ ಬದಲಾಗಿದೆ ಎಂದು ತಾನೇ ಒಪ್ಪಿಕೊಂಡ ಹಾಗೆ. ಅಮ್ಮನಿಗೆ ಅದೇ ಒಂದು ಮಾತು ಬದಲಾಗಿದ್ದರೆ ಸಾಕಿತ್ತು. ಇಬ್ಬರೂ ಒಂದೇ ಭಯವನ್ನು ತಡೆದುಕೊಳ್ಳುತ್ತಿದ್ದರು. ತಡೆದುಕೊಳ್ಳುವ ದಾರಿ ಮಾತ್ರ ಒಂದಕ್ಕೊಂದು ಅಡ್ಡ ಬಿದ್ದಿತ್ತು. ಕೊನೆಗೆ ಅಮ್ಮ ತನ್ನದೇ ಉಪಾಯ ಮಾಡಿದಳು. ತೀರಿಕೊಂಡವರ ಹೆಸರು ಶುರುವಾಗುವ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋಗಿ, ಹಂಡೆಯಿಂದ ಕೊಡಕ್ಕೆ, ಕೊಡದಿಂದ ಹಂಡೆಗೆ ನೀರು ಸುರಿಯುತ್ತಿದ್ದಳು, ಆದಷ್ಟು ಸದ್ದು ಮಾಡಿ. ಕಾಯಿಲೆಯವರ ಸರದಿ ಬರುವಾಗ ಸರಿಯಾಗಿ ವಾಪಸು ಬಂದು, ಮೊಣಕಾಲೂರಿ, ಮಗನ ಹೆಸರಿಗೆ ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದಳು.

ಬಾಗಿಲು ಹಾಕಿ ಒಂಬತ್ತನೆಯದೋ ಹತ್ತನೆಯದೋ ದಿನ, ಊಟವಾದ ಮೇಲೆ, ನಾನು ಚೆನ್ನೆಮಣೆಯನ್ನು ಓಣಿಯ ಈ ತುದಿಯಲ್ಲಿ ಇಟ್ಟುಕೊಂಡು ಕೂತಿದ್ದೆ. ಸೆಕೆಗೆ ಒಳಗೆ ಕೂರಲಾಗುತ್ತಿರಲಿಲ್ಲ, ಓಣಿಯ ನೆಲ ಒಂದೇ ತಂಪು. ಅಪ್ಪ ಬಂದು ಎದುರು ಕೂತರು. ಅಷ್ಟು ದಿನಗಳ ಮೇಲೆ ಅವರು ನನ್ನ ಮುಖ ನೋಡಿದ್ದು ಅಂದೇ. ಗಣಿತದ ಮಾಸ್ಟ್ರು ಗುಳಿಗಳಲ್ಲಿ ಬೀಜ ಹಂಚುವ ಲೆಕ್ಕದಲ್ಲಿ ನನ್ನೆದುರು ಮೂರಾಟ ಸೋತರು. ನಾಲ್ಕನೆಯದರಲ್ಲಿ ನಾನು ಲಂಗದ ಮಡಿಲಲ್ಲಿ ಬಚ್ಚಿಟ್ಟಿದ್ದ ಬೀಜಗಳು ಎದ್ದ ಕೂಡಲೇ ನೆಲದ ಮೇಲೆಲ್ಲ ಉರುಳಿದವು. ಊರವರ ತಪ್ಪು ಹಿಡಿಯುವವಳು ಸಿಕ್ಕಿಬಿದ್ದದ್ದು ನೋಡಿ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕರೆ ಮೊದಲು ಸದ್ದಿರುವುದಿಲ್ಲ, ಭುಜ ಕುಣಿಯುತ್ತದೆ, ಆಮೇಲೆ ಒಮ್ಮೆಲೇ ಕೂಗಿದ ಹಾಗೆ ಹೊರಬರುತ್ತದೆ. ಅದನ್ನು ಕೇಳಿ ಅಮ್ಮ ಬಂದಳು, ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿ ಕೂತು, “ಕಳ್ಳಿ, ಕಳ್ಳಿ” ಎಂದು ಅವಳೂ ನಗತೊಡಗಿದಳು. ಬೀಜ ಆರಿಸುವುದು, ಮತ್ತೆ ಯಾರಾದರೂ ನಗುವುದು, ಹೀಗೆ ಚಹಾದ ಹೊತ್ತಿನವರೆಗೆ ನಡೆಯಿತು. ಅಂದು ನನಗೆ, ಎಲ್ಲ ಸರಿಹೋಗುತ್ತದೆ ಎಂದು ಗಟ್ಟಿಯಾಗಿ ಅನ್ನಿಸಿತ್ತು.

ಸಂಜೆ ದೀಪ ಹಚ್ಚಿದೆವು. ವ್ಹಡ್ಲಿಮಾಯಿಯ ದನಿ ಎಂದಿನಂತೆಯೇ ಇತ್ತು, ಬೇಗವೂ ಅಲ್ಲ, ನಿಧಾನವೂ ಅಲ್ಲ. ತೀರಿಕೊಂಡವರ ಪಟ್ಟಿ ಬಂತು. ಅಮ್ಮ ಎದ್ದು ಹೋದಳು, ಅಡುಗೆಮನೆಯಲ್ಲಿ ನೀರು ಸುರಿಯುವ ಸದ್ದು ಕೇಳತೊಡಗಿತು. ಒಂದೊಂದೇ ಹೆಸರು ಹೇಳಿ ವ್ಹಡ್ಲಿಮಾಯಿ, “ಪಾಸ್ಕಾಲ್” ಎಂದಳು. ಸ್ವಲ್ಪ ತಡೆದು, ಮತ್ತೊಮ್ಮೆ, “ಪಾಸ್ಕಾಲ್” ಎಂದಳು. ನನಗೆ ಬಾಯಿ ತುರಿಸಿತು. ಮಧ್ಯಾಹ್ನದ ಉತ್ಸಾಹ ಇನ್ನೂ ಇಳಿದಿರಲಿಲ್ಲ. “ವ್ಹಡ್ಲಿಮಾಯಿ, ತಪ್ಪು! ಎರಡು ಸಲ ಹೇಳಿದ್ರಿ!” ಎಂದು ಕೂಗಿದೆ. ಪಕ್ಕದಲ್ಲಿ ಅಪ್ಪ ಮಣಿ ಎಣಿಸುವುದನ್ನು ನಿಲ್ಲಿಸಿದ್ದು ನನಗೆ ಗೊತ್ತಾಯಿತು, ಯಾಕೆಂದು ಗೊತ್ತಾಗಲಿಲ್ಲ. ಅವರು ಉಳಿದ ಅರ್ಧ ಪ್ರಾರ್ಥನೆಯನ್ನು ಹೇಳಲಿಲ್ಲ. ನಾನೊಬ್ಬಳೇ ಹೇಳಿ ಮುಗಿಸಿದೆ. ವ್ಹಡ್ಲಿಮಾಯಿ ಕಡಲ ಮೇಲಿರುವವರಿಗಾಗಿ ಪ್ರಾರ್ಥಿಸಿದಳು. ಅಮ್ಮ ಸೆರಗಿಗೆ ಕೈ ಒರೆಸುತ್ತ ಬಂದು, ಬಾಗಿಲ ಚೌಕಟ್ಟು ಹಿಡಿದು ಕಷ್ಟಪಟ್ಟು ಮೊಣಕಾಲೂರಿದಳು. ಕಾಯಿಲೆಯವರ ಸರದಿ. ಕೇರಿಯ ಒಬ್ಬ ಮುದುಕಿಯ ಹೆಸರು, ಮತ್ತೊಬ್ಬರ ಹೆಸರು, ಅಷ್ಟಕ್ಕೆ ದನಿ ನಿಂತಿತು. ಅಮ್ಮ ಉತ್ತರ ಹೇಳಲು ಉಸಿರೆಳೆದುಕೊಂಡು ಕಾದಳು. “ಮಾಯಿ, ಪಾಸ್ಕಾಲ್ ಬಿಟ್ಟುಹೋಯ್ತು” ಎಂದಳು. ಬಾಗಿಲ ಹಿಂದಿನಿಂದ ವ್ಹಡ್ಲಿಮಾಯಿ, “ಅವನದ್ದು ಹೇಳಿ ಆಯ್ತು ಲೂಸಿ” ಎಂದಳು.

ಮುಂದಿನದನ್ನು ಹೆಚ್ಚು ಬರೆಯಲಾರೆ. ಬೆಳಿಗ್ಗೆ ಮುನಿಸಿಪಾಲಿಟಿಯವರು ಹಿತ್ತಲ ಬಾಗಿಲಿನಿಂದಲೇ ಪೆಟ್ಟಿಗೆಯನ್ನು ತೆಗೆದುಕೊಂಡು ಹೋದರು. ಪಾದ್ರಿಗಳು ಗೇಟಿನ ಹೊರಗೆ ನಿಂತು ಪ್ರಾರ್ಥಿಸಿದರು. ಗಿರಿಜಕ್ಕ ಪಾಗಾರದ ಆಚೆ ತಲೆ ಬಗ್ಗಿಸಿ ನಿಂತಿದ್ದರು. ಅಂದು ಅವರ ಬಾಯಲ್ಲಿ ಆ ದಿನಾ ಹೇಳುವ ಮಾತು ಬರಲಿಲ್ಲ. ನಮ್ಮ ಬಾಗಿಲು ಇನ್ನೂ ಎರಡು ವಾರ ಮುಚ್ಚಿಯೇ ಇತ್ತು. ದುಃಖದ ಮನೆಗೆ ನೆಂಟರು ಬಂದು ಅಳಬೇಕು, ಅಡುಗೆ ತಂದುಕೊಡಬೇಕು, ಸತ್ತವನ ಬಗ್ಗೆ ನಾಲ್ಕು ಮಾತಾಡಬೇಕು. ನಮಗೆ ಯಾರೂ ಬರುವಂತಿರಲಿಲ್ಲ. ನಾವು ಮೂವರು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಏನೂ ಇಲ್ಲದೆ, ಹೇಳಿಸಿಕೊಳ್ಳಲು ಬೇರೆ ಯಾರೂ ಇಲ್ಲದೆ, ಕೋಣೆಯಿಂದ ಕೋಣೆಗೆ ಹೋಗುತ್ತಿದ್ದೆವು. ವ್ಹಡ್ಲಿಮಾಯಿ ಆ ಬಾಗಿಲ ಹಿಂದೆಯೇ ಒಬ್ಬಳೇ ಉಳಿದಳು, ಅವಳನ್ನು ಹೊರಗೆ ಬಿಡುವ ದಿನ ಬರುವವರೆಗೆ. ಪಾಸ್ಕು ಹೋದದ್ದು ಮಧ್ಯಾಹ್ನ ಎಂದು ಅಮ್ಮನಿಗೆ ಗೊತ್ತಾದದ್ದು ಆಗ, ಬಾಗಿಲು ತೆರೆದ ಮೇಲೆ. “ನನ್ನ ಮಗ ಅಲ್ಲಿ ಮಲಗಿರುವಾಗ ನಾನಿಲ್ಲಿ ಹಲ್ಲು ಬಿಟ್ಟು ನಗ್ತಾ ಇದ್ದೆ. ನೀವು ಕೇಳ್ತಾ ಇದ್ರಿ. ಒಂದು ಮಾತು ಕೂಗಿ ಹೇಳ್ಬಹುದಿತ್ತು” ಎಂದಳು. ಸಂಜೆಯವರೆಗಿನ ಆ ಹೊತ್ತನ್ನು ಅತ್ತೆ ತನ್ನಿಂದ ಕದ್ದಳು ಎಂದೇ ಅಮ್ಮನ ಲೆಕ್ಕ. ವ್ಹಡ್ಲಿಮಾಯಿ ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. ತಪ್ಪು ಎಂದು ಕೂಗಿದ ನನ್ನ ದನಿ ನನ್ನ ಕಿವಿಯಲ್ಲಿ ಎಷ್ಟೋ ವರ್ಷ ಇತ್ತು, ಈಗಲೂ ಇದೆ.

ಮಳೆ ಹಿಡಿದ ಮೇಲೆ ಮಗು ಹುಟ್ಟಿತು. ಗಂಡಾಗಿದ್ದರೆ ಹೆಸರಿನ ಬಗ್ಗೆ ಮನೆಯಲ್ಲಿ ಏನಾಗುತ್ತಿತ್ತೋ, ಹೆಣ್ಣು ಹುಟ್ಟಿ ಎಲ್ಲರನ್ನೂ ಪಾರುಮಾಡಿತು. ಅಮ್ಮ ಅತ್ತೆಯ ಮಾತಿಗೆ ಎದುರಾಡಲಿಲ್ಲ, ಊಟ ಬಡಿಸುವುದು ತಪ್ಪಿಸಲಿಲ್ಲ, ಬೇಕಾದಷ್ಟಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಲೂ ಇಲ್ಲ. ತೆರ್ಸ್ ಹೇಳುವಾಗ ತೀರಿಕೊಂಡವರ ಪಟ್ಟಿ ಬಂದರೆ ಆಗಲೂ ಎದ್ದು ಹೋಗುತ್ತಿದ್ದಳು. ನೀರು ಸುರಿಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಕತ್ತಲೆಯ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ಪಟ್ಟಿಯಲ್ಲಿ ಆ ಹೆಸರು ಎರಡು ಸಲ ಬರುತ್ತಿತ್ತು. ಅಮ್ಮ ಅದನ್ನು ಒಮ್ಮೆಯೂ ನಮ್ಮೊಟ್ಟಿಗೆ ಕೂತು ಕೇಳಿರಲಿಲ್ಲ.

ಹೀಗೆ ಆರು ವರ್ಷ. ವ್ಹಡ್ಲಿಮಾಯಿ ಹಾಸಿಗೆ ಹಿಡಿದಳು. ಅವಳ ದನಿ ಹೋಗಿದ್ದರಿಂದ ತೆರ್ಸಿನ ಮೊದಲ ಅರ್ಧ ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಅಮ್ಮ ಅವಳಿಗೆ ಗಂಜಿ ಕುಡಿಸುತ್ತಿದ್ದಳು, ನಾನು ಹೊಸ್ತಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಎರಡು ಚಮಚ ಕುಡಿದು ವ್ಹಡ್ಲಿಮಾಯಿ ಅಮ್ಮನ ಮಣಿಕಟ್ಟು ಹಿಡಿದಳು. “ನಾನೊಂದು ತಪ್ಪು ಮಾಡಿದ್ದೇನೆ ಲೂಸಿ. ಬಾಗಿಲಡಿಯ ಬಟ್ಟೆ ತೆಗೆದಿದ್ದೆ, ಅವತ್ತು” ಎಂದಳು. ಅಮ್ಮ ಚಮಚ ಕೆಳಗಿಟ್ಟಳು. ವ್ಹಡ್ಲಿಮಾಯಿ ಉಸಿರು ಹಿಡಿದು ಹಿಡಿದು ಹೇಳಿದಳು. ಮಧ್ಯಾಹ್ನ ಪಾಸ್ಕು ಕಣ್ಣು ತೆರೆದು, ಹೊರಗೆ ಯಾಕೆ ನಗುತ್ತಿದ್ದಾರೆ ಎಂದು ಕೇಳಿದನಂತೆ. ನಿನ್ನ ಅಕ್ಕ ಚೆನ್ನೆಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದಳು ಎಂದಳಂತೆ ಇವಳು. ಸರಿಯಾಗಿ ಕೇಳುವುದಿಲ್ಲ ಎಂದನಂತೆ. ಅದಕ್ಕೆ ಅವಳು ಸಂದಿಯ ಬಟ್ಟೆ ಎಳೆದು ತೆಗೆದು, ಅವನ ಚಾಪೆಯನ್ನು ಬಾಗಿಲ ಬುಡಕ್ಕೆ ಸರಿಸಿದಳು. “ನಿನ್ನ ನಗು ಗುರುತು ಹಿಡಿದ. ಅಮ್ಮ ಎಂದ. ಅದು ಕೇಳ್ತಾ ಕೇಳ್ತಾ ಹೋದ. ಆಮೇಲೆ ಕೂಗಿ ಹೇಳುವ ಅಂತ ಬಾಯಿ ತೆರೆದೆ, ನೀವು ಇನ್ನೂ ನಗ್ತಾ ಇದ್ರಿ. ನನ್ನಿಂದ ಆಗ್ಲಿಲ್ಲ” ಎಂದಳು.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?” ಎಂದಳು ಅಮ್ಮ. “ನಿನ್ನ ಹೊಟ್ಟೆಯಲ್ಲಿ ಮಗು ಇತ್ತಲ್ಲ. ಆ ಗಾಳಿ ನಿನಗೆ ಸೋಕಿದ್ರೆ? ಅವನಿಗೋಸ್ಕರ ನಿಮ್ಮಿಬ್ಬರನ್ನೂ ಕಳ್ಕೊಳ್ಳುವ ಕೆಲಸ ಮಾಡಿದ್ದೆ ನಾನು. ಎಂತ ಮುಖ ಇಟ್ಕೊಂಡು ಹೇಳುದು?” ಎಂದಳು ವ್ಹಡ್ಲಿಮಾಯಿ. ನಾನು ಪುಸ್ತಕದಿಂದ ತಲೆಯೆತ್ತಲಿಲ್ಲ. ಅಕ್ಷರಗಳೆಲ್ಲ ನೀರಾಗಿದ್ದವು. ಆರು ವರ್ಷದಿಂದ ಆ ಮಧ್ಯಾಹ್ನ ನಾವು ನಕ್ಕದ್ದೇ ಪಾಪ ಎಂದು ನಂಬಿ ಬೆಳೆದಿದ್ದೆ. ಅಮ್ಮ ಚಮಚ ಎತ್ತಿಕೊಂಡು ಉಳಿದ ಗಂಜಿಯನ್ನು ಕುಡಿಸಿದಳು, ಬಾಯಿ ಒರೆಸಿದಳು. ಆದರೆ ಎದ್ದು ಹೋಗಲಿಲ್ಲ. ಬೆಳಕು ಇಳಿಯುವವರೆಗೆ ಆ ಮಂಚದ ಅಂಚಿನಲ್ಲೇ ಕೂತಿದ್ದಳು.

ಅಂದು ಸಂಜೆ ತೆರ್ಸ್ ಶುರುಮಾಡಿದ್ದು ನಾನು. ತೀರಿಕೊಂಡವರ ಪಟ್ಟಿ ಬಂದಾಗ ಅಮ್ಮ ಏಳುತ್ತಾಳೆಂದು ಕಾದೆ. ಅವಳು ನನ್ನ ಮೊಣಕೈ ಮುಟ್ಟಿ, “ಇವತ್ತು ನಾನು ಹೇಳ್ತೇನೆ” ಎಂದಳು. ಹಳೆಯ ಹೆಸರುಗಳು ಅವಳಿಗೆ ಬಾಯಿಪಾಠವಿರಲಿಲ್ಲ, ಅಪ್ಪ ಮೆಲ್ಲನೆ ಎತ್ತಿಕೊಡುತ್ತಿದ್ದರು. ಅಜ್ಜನ ಹೆಸರಿಗೆ ಬಂದು, “ಪಾಸ್ಕಾಲ್” ಎಂದಳು. ನಿಂತಳು. ಆಮೇಲೆ ಮತ್ತೊಮ್ಮೆ “ಪಾಸ್ಕಾಲ್” ಎಂದಳು, ಅಂಗಳದಲ್ಲಿ ಆಡುತ್ತಿರುವವನನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ. ನಮಗಿಂತ ಮೊದಲು, ಒಳಗಿನ ಮಂಚದಿಂದ ವ್ಹಡ್ಲಿಮಾಯಿ, ಇದ್ದಷ್ಟು ದನಿಯಲ್ಲಿ, ಉಳಿದ ಅರ್ಧ ಪ್ರಾರ್ಥನೆಯನ್ನು ಹೇಳಲು ಶುರುಮಾಡಿದಳು.